ಜೋಸೆಫ್ ಕೆಕುಕು ಅವರಿಗೆ ಔರಾದದಿಂದ ಒಂದು ತಕರಾರು ಅರ್ಜಿ

ಗೆ,
ಶ್ರೀ ಜೋಸೆಫ್ ಕೆಕುಕು ಅವರು,
ಲಾಯಿಯೆ ಗ್ರಾಮ, ಓಆಹು ದ್ವೀಪ, ಹವಾಯಿ.

ವಿಷಯ: ಗಿಟಾರಿನ ಮೇಲಿನ ಹದ್ದುಬಸ್ತನ್ನು ಏಕಪಕ್ಷೀಯವಾಗಿ ರದ್ದುಪಡಿಸಿದ ಬಗ್ಗೆ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು 1932ರಲ್ಲಿಯೇ ನ್ಯೂಜೆರ್ಸಿಯಲ್ಲಿ ಕಾಲವಾಗಿದ್ದೀರಿ ಎಂಬುದು ನನಗೆ ಗೊತ್ತಿದೆ. ಆದರೂ ಅರ್ಜಿ ಹಾಕುತ್ತಿದ್ದೇನೆ. ನನ್ನ ಮೂವತ್ತೆಂಟು ವರ್ಷದ ಸೇವೆಯಲ್ಲಿ ತೀರಿಕೊಂಡವರ ಹೆಸರಿಗೆ ನೋಟಿಸು ಹೋಗುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಬದುಕಿರುವವರಿಗಿಂತ ಅವರೇ ಬೇಗ ಉತ್ತರ ಕೊಟ್ಟದ್ದೂ ಉಂಟು.

ನಾನು ಬೀದರ ಜಿಲ್ಲೆ ಔರಾದದ ನಿವೃತ್ತ ಭೂಮಾಪಕ. ಊರಿನ ಹೆಸರಿನ ಮುಂದೆ ಕಂಸದಲ್ಲಿ ‘ಬಿ’ ಎಂದು ಬರೆಯುವುದು ರೂಢಿ. ಅದನ್ನು ಮರೆತರೆ ಸಾಮಾನು ಗಡಿ ದಾಟಿ ಮಹಾರಾಷ್ಟ್ರದ ನಿಲಂಗಾ ತಾಲ್ಲೂಕಿನ ಔರಾದ ಶಹಾಜನಿಗೆ ಹೋಗುತ್ತದೆ. ಪುಣೆಯಲ್ಲಿರುವ ಮಗಳು “ಅಪ್ಪಾ, ಮಂದಿ ಹೊಲ ಅಳದಿದ್ದು ಸಾಕು, ಇನ್ನ ಇದನ್ನ ಬಾರ್ಸು” ಎಂದು ಕಳಿಸಿದ ಗಿಟಾರು ಕೂಡ ಮೊದಲು ಆ ಔರಾದಕ್ಕೇ ಹೋಗಿ ಎಂಟು ದಿನ ಇದ್ದು ಬಂತು. ಒಂದು ಗೆರೆಯ ಈಚೆ ಆಚೆ ಆಗುವ ಗುಣ ಅದಕ್ಕೆ ಆವಾಗಲೇ ಅಂಟಿಕೊಂಡಿತೋ ಏನೋ.

ಡಬ್ಬಿ ಬಿಚ್ಚಿದವನು ಮೊದಲು ಮಾಡಿದ ಕೆಲಸ ಟೇಪು ತಂದು ಅಳೆದದ್ದು. ತಂತಿಯ ಉದ್ದ 648 ಮಿ.ಮೀ. ಅದರ ಕೆಳಗೆ ಅಡ್ಡಡ್ಡ ಕೂರಿಸಿದ ಲೋಹದ ಗೆರೆಗಳು. ಅಂಗಡಿಯವರು ಫ್ರೆಟ್ಟು ಅನ್ನುತ್ತಾರೆ, ವೀಣೆಯವರ ಬಾಯಲ್ಲಿ ಅದು ಮೆಟ್ಟು. ಮೊದಲ ಮನೆಯ ಅಗಲ 36 ಮಿ.ಮೀ., ಹನ್ನೆರಡನೆಯದು 19. 12ನೇ ಮೆಟ್ಟು ಸರಿಯಾಗಿ 324ಕ್ಕೆ, ತಂತಿಯ ನಟ್ಟನಡುವೆ. ನಡುವಿನ ಒಂದೊಂದು ಮನೆಯೂ ಒಂದೇ ಪ್ರಮಾಣದಲ್ಲಿ ಕಿರಿದಾಗುತ್ತ ಬರುತ್ತದೆ. ಅಣ್ಣತಮ್ಮಂದಿರ ಪಾಲು ಇಷ್ಟು ಚೊಕ್ಕಟವಾಗಿ ಆದದ್ದನ್ನು ನಾನು ಔರಾದ, ಭಾಲ್ಕಿ, ಬೀದರ ಮೂರೂ ತಾಲ್ಲೂಕಿನಲ್ಲಿ ಕಂಡಿಲ್ಲ. ಮೂವತ್ಮೂರು ಅಡಿ, ಹದಿನಾರು ಆಣೆಯ ಸರಪಳಿ ಎಳೆದು ಸವೆದ ಕಣ್ಣಿಗೆ ತಂಪಾಯಿತು. ಪ್ರತಿ ಸ್ವರಕ್ಕೂ ಬಾಂದುಕಲ್ಲು ನೆಟ್ಟ ಜಮೀನು! ಒತ್ತುವರಿಯ ಮಾತೇ ಇಲ್ಲ. ಮನೆಯೊಳಗೆ ಬೆರಳು ಎಲ್ಲಿ ಒತ್ತಿದರೂ ಸ್ವರ ಮೆಟ್ಟಿನ ಲೆಕ್ಕದಂತೆಯೇ ಬರುತ್ತದೆ.

ಸಂತೋಷ ಎರಡು ದಿನ ಬಾಳಿತು. ನನ್ನ ಎಡಗೈಯ ಉಂಗುರಬೆರಳು ಮತ್ತು ನಡುಬೆರಳು ಮಡಚುವುದಿಲ್ಲ. ಬಹಳ ವರ್ಷದ ಹಿಂದೆ ಗಾಡಿಯಿಂದ ಇಳಿಸುವಾಗ ಬಾಂದುಕಲ್ಲೊಂದು ಕೈಮೇಲೆ ಬಿದ್ದಿತ್ತು. ಬೆರಳು ಮಡಚದವನಿಗೆ ಗಿಟಾರಿನಲ್ಲಿ ಉಳಿದಿರುವುದು ಒಂದೇ ದಾರಿ, ತಂತಿಯನ್ನು ಒತ್ತದೆ ಅದರ ಮೇಲೆ ಯಾವುದಾದರೂ ಗಟ್ಟಿ ವಸ್ತುವನ್ನು ಜಾರಿಸುವುದು. ಈ ದಾರಿ ಕಡಿದವರು ಯಾರು ಎಂದು ವಿಚಾರಣೆ ಮಾಡಲಾಗಿ ತಮ್ಮ ಹೆಸರು ಹೊರಬಿತ್ತು.

ದಾಖಲೆಯ ಪ್ರಕಾರ ತಾವು ಹುಟ್ಟಿದ್ದು 1874ರಲ್ಲಿ. ಹುಡುಗರಾಗಿದ್ದಾಗ ಗಿಟಾರು ಹಿಡಿದುಕೊಂಡು ರೈಲು ಹಳಿಗುಂಟ ಹೋಗುತ್ತಿದ್ದಿರಿ, ಬಿದ್ದಿದ್ದ ಬೋಲ್ಟೊಂದನ್ನು ಎತ್ತಿಕೊಂಡಿರಿ, ಅದು ತಂತಿಗೆ ತಾಗಿ ಹೊಸ ನಾದ ಹೊರಟಿತು ಎಂಬುದು ಎಲ್ಲರೂ ಹೇಳುವ ಕಥೆ. ಆಮೇಲೆ ಕಮೇಹಮೇಹ ಶಾಲೆಯ ಕಾರ್ಯಾಗಾರದಲ್ಲಿ ನುಣುಪಾದ ಉಕ್ಕಿನ ತುಂಡು ತಯಾರಿಸಿದಿರಿ, ತಂತಿಗಳನ್ನು ಮೆಟ್ಟಿಗೆ ತಾಗದಷ್ಟು ಎತ್ತರಿಸಿದಿರಿ. ಅಂದರೆ ಅಷ್ಟು ಅಚ್ಚುಕಟ್ಟಾಗಿ ನೆಟ್ಟ ಕಲ್ಲುಗಳು ಕೆಳಗೆ ಹಾಗೆಯೇ ಇವೆ, ತಾವು ಮಾತ್ರ ಮೇಲುಮೇಲೆ ನಡೆದು ಹೋದಿರಿ. ಕಲ್ಲು ಕಿತ್ತಿದ್ದರೆ ನಮ್ಮಲ್ಲಿ ಕೇಸು ಹಾಕಬಹುದು. ಕಲ್ಲು ಇದ್ದೂ ಇಲ್ಲದ ಹಾಗೆ ಮಾಡಿದವರ ಮೇಲೆ ಯಾವ ಕಲಂ ಹಚ್ಚಬೇಕು?

ಇನ್ನೊಂದು ತೊಂದರೆ ತಮ್ಮ ಗಮನಕ್ಕೆ ಬಂದಿರಲಾರದು. ಔರಾದದಲ್ಲಿ ರೈಲಿಲ್ಲ. ಹಳಿ ನೋಡಬೇಕೆಂದರೆ ಒಂದೋ ಬೀದರಕ್ಕೆ, ಇಲ್ಲವೆ ಭಾಲ್ಕಿಗೆ, ಇಲ್ಲವೆ ಕಮಲನಗರಕ್ಕೆ ಹೋಗಬೇಕು. 2017ರಲ್ಲಿ ಬೀದರ–ಕಲಬುರಗಿ ಮಾರ್ಗ ಆಯಿತು, ಅದೂ ನಮ್ಮ ಕಡೆ ಮುಖ ಹಾಕಲಿಲ್ಲ. ಬೀದರ–ನಾಂದೇಡ ಮಾರ್ಗ ಔರಾದದ ಮೇಲೆ ಹಾಯಲಿ ಎಂಬ ಬೇಡಿಕೆಗೆ ವಯಸ್ಸಾಗಿದೆ. ಈತನಕ ಕೊಟ್ಟ ಮನವಿಗಳಲ್ಲಿ ಸೋಯಾ, ಉದ್ದು, ಹೆಸರು ಸಾಗಿಸಲು ಎಂದು ಕಾರಣ ಬರೆದಿದ್ದಾರೆ. ಗಿಟಾರಿಗೆ ಬೋಲ್ಟು ಎಂದು ಯಾರೂ ಬರೆದಿಲ್ಲ. ಬರೆಯಬೇಕಿತ್ತು. ಈ ವಾದ್ಯಕ್ಕೂ ರೈಲಿಗೂ ಏನೋ ನಂಟಿದೆ. ಅಮೆರಿಕದ ಸಂಗೀತಗಾರ ಡಬ್ಲ್ಯು. ಸಿ. ಹ್ಯಾಂಡಿ 1903ರ ಸುಮಾರಿಗೆ ಮಿಸಿಸಿಪಿಯ ಟಟ್‌ವೈಲರ್ ಎಂಬ ಊರಿನ ನಿಲ್ದಾಣದಲ್ಲಿ ರೈಲು ಕಾಯುತ್ತ ತೂಕಡಿಸುತ್ತಿದ್ದಾಗ, ಹರಕು ಬಟ್ಟೆಯ ಕರಿಯನೊಬ್ಬ ಚಾಕುವನ್ನು ತಂತಿಯ ಮೇಲೆ ಒತ್ತಿ ಗಿಟಾರು ನುಡಿಸಿದನಂತೆ. ಬ್ಲೂಸ್ ಕಥೆ ಹೇಳುವವರೆಲ್ಲ ಆ ನಿಲ್ದಾಣದಿಂದಲೇ ಶುರು ಮಾಡುತ್ತಾರೆ. ರೈಲು ತಡವಾದರೆ ಸಂಗೀತ ಹುಟ್ಟುತ್ತದೆ ಎನ್ನುವುದಾದರೆ ನಮ್ಮ ದೇಶದಲ್ಲಿ ಊರಿಗೊಂದು ಘರಾಣೆ ಇರಬೇಕಿತ್ತು.

ಇರಲಿ. ಕಮಲನಗರಕ್ಕೆ ಹೋಗಿ ಬೋಲ್ಟು ಎತ್ತಿಕೊಂಡು ಬರೋಣವೆಂದರೆ 1966ರ ರೈಲ್ವೆ ಆಸ್ತಿ ಕಾಯ್ದೆ ಅಡ್ಡ ಬಂತು. ತಮಗೆ ಕೀರ್ತಿ ತಂದ ಕೆಲಸಕ್ಕೆ ನಮ್ಮಲ್ಲಿ ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು. ಪಿಂಚಣಿ ತಿನ್ನುವವನಿಗೆ ಇದು ಹೊಂದುವ ಮಾರ್ಗವಲ್ಲ.

ಹೀಗಾಗಿ ಬಸ್ ನಿಲ್ದಾಣದ ಹತ್ತಿರದ ಟ್ರ್ಯಾಕ್ಟರ್ ಗ್ಯಾರೇಜಿಗೆ ಹೋದೆ. ಎಂಜಿನ್ ಬಿಚ್ಚಿ ಹರವಿಕೊಂಡು ಕೂತಿದ್ದ ಮೇಸ್ತ್ರಿಗೆ “ದುಂಡಗಿಂದು, ನುಣ್ಣಗಿಂದು, ಒಂದು ಗೇಣಿಗಿಂತ ಸಣ್ಣ ಕಬ್ಬಿಣ ಬೇಕು” ಎಂದೆ. ಡೀಸೆಲ್ ಬಟ್ಟಲಿನೊಳಗಿಂದ ಹಳೆಯ ಪಿಸ್ಟನ್ ಪಿನ್ನೊಂದನ್ನು ತೆಗೆದು, ಬನಿಯನ್ನಿಗೆ ಒರೆಸಿ ನನ್ನ ಅಂಗೈಯಲ್ಲಿ ಇಟ್ಟ. ಕನ್ನಡಿಯ ಹಾಗೆ ಹೊಳೆಯಿತು. ವರ್ಷಗಟ್ಟಲೆ ಉರಿಯಲ್ಲಿ ಮೇಲೆಕೆಳಗೆ ಓಡಾಡಿದ ಉಕ್ಕು, ಒಂದು ಗೀರಿಲ್ಲ. ಯಾತಕ್ಕೆ ಎಂದು ಕೇಳಿದ. ಸಿತಾರಿನಂಥದ್ದೊಂದು ವಾದ್ಯಕ್ಕೆ ಎಂದೆ. “ಸಿತಾರ್ ಮೆ ಪಿಸ್ಟನ್ ಕಾಂ ಹೈ ಮಾಮು?” ಎಂದು ಗಂಭೀರವಾಗಿ ಕೇಳಿದ. ನನ್ನಲ್ಲಿ ಉತ್ತರ ಇರಲಿಲ್ಲ. ದುಡ್ಡು ತೆಗೆದುಕೊಳ್ಳಲಿಲ್ಲ. “ಸೀಜ್ ಆಗ್ಯಾದಂದ್ರ ತಗೊಂಡ್ ಬರ್ರಿ” ಎಂದ.

ತಂತಿ ಎತ್ತರಿಸಲು ಕುತ್ತಿಗೆಯ ತುದಿಯಲ್ಲಿ ಆಫೀಸಿನ ಕಾಲದ ಕೆಂಪು–ನೀಲಿ ಪೆನ್ಸಿಲ್ಲಿನ ತುಂಡೊಂದನ್ನು ತುರುಕಿದೆ. ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡೆ. ತಂತಿಗಳನ್ನು ಪ ಸ ಪ ಸ ಗ ಪ ಎಂದು ಇಳಿಸಿ ಕೂಡಿಸಿದೆ. ಹೀಗೆ ಕೂಡಿಸಿದರೆ ಪಿನ್ನನ್ನು ಎಲ್ಲಿ ಅಡ್ಡ ಇಟ್ಟರೂ ಆರು ತಂತಿ ಒಟ್ಟಿಗೆ ಹೊಂದಿಕೊಂಡು ನುಡಿಯಬೇಕು, ಪಿನ್ನು ಮೆಟ್ಟಿಗೆ ಸಮನಾಗಿ ಇದ್ದರೆ. ಒಂದು ಕೂದಲು ಓರೆಯಾದರೆ ಆರು ಜನ ವಾರಸುದಾರರು ಒಮ್ಮೆಲೇ ಮಾತಾಡಿದ ಹಾಗೆ.

ಕೆಕುಕು ಅವರೇ, ನನ್ನ ಮುಖ್ಯ ತಕರಾರು ಇಲ್ಲಿಂದ ಶುರು. ಬೆರಳಿನಿಂದ ನುಡಿಸುವವನು ಹೊಲದೊಳಗೆ ಎಲ್ಲಿ ನಿಂತರೂ ಹೊಲ ಅವನದೇ. ತಮ್ಮ ಪದ್ಧತಿಯಲ್ಲಿ ಹೊಲದೊಳಗೆ ನಿಲ್ಲುವ ಹಾಗೇ ಇಲ್ಲ, ಬದುವಿನ ಮೇಲೆಯೇ ನಿಲ್ಲಬೇಕು. ಪಿನ್ನು ಮೆಟ್ಟಿನ ಸರಿಯಾಗಿ ನೆತ್ತಿಯ ಮೇಲೆ ಬರಬೇಕು, ಆದರೆ ಅದಕ್ಕೆ ತಾಗಬಾರದು. ತಾಗಿದರೆ ಕಟಕಟ. ಒತ್ತಿದರೆ ತಂತಿ ಬಾಗಿ ಸ್ವರ ಏರುತ್ತದೆ. ಹಗುರ ಮಾಡಿದರೆ ಬಿಸಿಲಿಗೆ ಒಣಗಿದ ಎಲೆಯಂತೆ ಪಟಪಟ ಅನ್ನುತ್ತದೆ. 12ನೇ ಮೆಟ್ಟಿನ ಹತ್ತಿರ ಅರ್ಧ ಸೆಂಟಿಮೀಟರು ಜರುಗಿದರೆ ಅರ್ಧ ಸ್ವರದ ಕಾಲು ಭಾಗ ಕೆಟ್ಟಿತು. ನನ್ನ ಸೇವೆಯಲ್ಲಿ ಅರ್ಧ ಅಡಿ ವ್ಯತ್ಯಾಸಕ್ಕೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಇನ್ನು ಪಿನ್ನಿನ ಹಿಂಬದಿಯ ತಂತಿ ತನ್ನದೇ ಬೇರೆ ರಾಗ ಎಳೆಯುತ್ತದೆ. ಅದನ್ನು ಸುಮ್ಮನಾಗಿಸಲು ಉಳಿದ ಬೆರಳನ್ನು, ಸರಪಳಿಯ ಹಿಂದೆ ಬರುವ ಜವಾನನಂತೆ, ತಂತಿಯ ಮೇಲೆ ಸವರುತ್ತ ಹಿಂದೆ ಎಳೆದುಕೊಂಡು ಹೋಗಬೇಕು. ಮಡಚದ ನನ್ನ ಬೆರಳೆರಡೂ ಈ ಚಾಕರಿಗೆ ಹೇಳಿಮಾಡಿಸಿದಂತಿವೆ ಎಂಬುದನ್ನು ಪ್ರಾಮಾಣಿಕವಾಗಿ ದಾಖಲಿಸುತ್ತೇನೆ.

ಮೊದಲ ವಾರ ಸ–ರಿ ನಡುವೆ ಓಡಾಡಿದೆ. ಒಳಗಿನಿಂದ ಹೆಂಡತಿ, “ಗೇಟಿಗಿ ಎಣ್ಣಿ ಹಾಕ್ರಿ ಅಂತ ಎಷ್ಟ್ ಸಲ ಹೇಳ್ಬೇಕ್ರಿ?” ಎಂದಳು. ಎದ್ದು ಹೋಗಿ ಗೇಟಿಗೆ ಎಣ್ಣೆ ಹಾಕಿದೆ. ಮರುದಿನ ಮತ್ತೆ ಅದೇ ಮಾತು. ಮೂರು ದಿನ ಎಣ್ಣೆ ಹಾಕಿದ ಮೇಲೆ ಸತ್ಯ ಒಪ್ಪಿಕೊಂಡೆ. ಈಗ ನಮ್ಮ ಗೇಟು ಇಡೀ ಓಣಿಯಲ್ಲಿ ಅತ್ಯಂತ ನಿಶ್ಶಬ್ದವಾದ ಗೇಟು.

ತಮ್ಮ ಹಕ್ಕಿನ ಬಗ್ಗೆಯೂ ಎರಡು ಆಕ್ಷೇಪಣೆಗಳಿವೆ. ತಮಗಿಂತ ಕೊಂಚ ಮೊದಲು ಹವಾಯಿಯಲ್ಲಿ ಗೇಬ್ರಿಯಲ್ ಡೇವಿಯನ್ ಎಂಬ ಹುಡುಗ ಒಂದು ತಂತಿಯ ಮೇಲೆ ಹೀಗೆಯೇ ಜಾರಿಸಿ ನುಡಿಸುತ್ತಿದ್ದ, ಆತ ಹುಟ್ಟಿದ್ದು ಹಿಂದುಸ್ತಾನದಲ್ಲಿ ಎಂಬ ವಾದವೊಂದು ಚಾಲ್ತಿಯಲ್ಲಿದೆ. ಅದು ರುಜುವಾತಾಗಿಲ್ಲ, ಬಿಡಿ. ಎರಡನೆಯದು ಗಟ್ಟಿ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ಸಂಗೀತ ರತ್ನಾಕರದಲ್ಲಿ ಏಕತಂತ್ರಿ ವೀಣೆಯ ವಿಚಾರ ಬರೆದಿದ್ದಾನೆ. ಅದಕ್ಕೆ ಮೆಟ್ಟಿಲ್ಲ. ಕಮ್ರಿಕಾ ಎಂಬ ಬಿದಿರಿನ ತುಂಡನ್ನು ತಂತಿಯ ಮೇಲೆ ಸರಿಸಿ ನುಡಿಸುವುದು. ದಕ್ಷಿಣದ ಗೋಟುವಾದ್ಯದ ಮರದ ತುಂಡು, ಉತ್ತರದ ವಿಚಿತ್ರವೀಣೆಯ ಗಾಜಿನ ಗುಂಡು, ಎಲ್ಲವೂ ಅದೇ ವಂಶ. ದೇವಗಿರಿ ನಮಗೆ ದೂರದ್ದೇನೂ ಅಲ್ಲ. ಬೋಲ್ಟು ತಮ್ಮದು, ಜಮೀನು ನಮ್ಮದು ಎಂದು ಮ್ಯುಟೇಶನ್ ಆಗಬೇಕೆಂದು ಕೋರಿಕೆ.

ಹಾಗೆಂದು ನಾವು ತಮ್ಮ ಬೋಲ್ಟನ್ನು ತಿರಸ್ಕರಿಸಲಿಲ್ಲ. 1940ರ ದಶಕದಲ್ಲಿ ಟಾವ್ ಮೋ ಕುಟುಂಬದವರು ಕಲ್ಕತ್ತೆಯಲ್ಲಿ ನೆಲೆಸಿ ಹವಾಯಿ ಗಿಟಾರು ನುಡಿಸಿದರು, ಕಲಿಸಿದರು. ಅಲ್ಲಿಂದ ಅದು ಹಿಂದಿ ಸಿನೆಮಾಕ್ಕೆ, ಸಿನೆಮಾದಿಂದ ರೇಡಿಯೋಕ್ಕೆ. ನಾನು ಸಣ್ಣವನಿದ್ದಾಗ ಕಾರ್ಯಕ್ರಮ ಮುಗಿದು ವಾರ್ತೆ ಶುರುವಾಗುವ ನಡುವಿನ ಎರಡು ನಿಮಿಷಕ್ಕೆ ಸಿನೆಮಾ ಹಾಡನ್ನು ಮಾತಿಲ್ಲದೆ ಅಳುತ್ತ ನುಡಿಸುತ್ತಿದ್ದರು. ಅದು ಗಿಟಾರು ಎಂದು ಯಾರಿಗೆ ಗೊತ್ತು? ವಾರ್ತೆ ಓದುವವರು ಸಿದ್ಧರಾಗುವ ಸದ್ದು ಎಂದುಕೊಂಡಿದ್ದೆ. ಸುನಿಲ್ ಗಂಗೂಲಿಯವರ ಕೈ ಅದು ಎಂದು ತಿಳಿದದ್ದು ಬಹಳ ತಡವಾಗಿ. ಬ್ರಿಜ್ ಭೂಷಣ್ ಕಾಬ್ರಾ ಅದೇ ವಾದ್ಯವನ್ನು ತೊಡೆಯ ಮೇಲೆ ಇಟ್ಟುಕೊಂಡು ರಾಗಕ್ಕೆ ಹಚ್ಚಿದರು. 1967ರಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಜೊತೆ ಅವರು ನುಡಿಸಿದ ‘ಕಾಲ್ ಆಫ್ ದಿ ವ್ಯಾಲಿ’ ಕೇಳಿದವರು, ಈ ವಾದ್ಯ ಪರದೇಶದ್ದು ಎನ್ನುವುದನ್ನು ಮರೆತೇಬಿಟ್ಟರು. ವಿಶ್ವಮೋಹನ ಭಟ್ಟರು ಹೆಚ್ಚಿನ ತಂತಿ ಬಿಗಿದು ಮೋಹನವೀಣೆ ಎಂದು ಕರೆದು 1994ರಲ್ಲಿ ಗ್ರ್ಯಾಮಿ ತಂದರು. ನಮ್ಮ ರಾಜ್ಯದಲ್ಲಿ ಇದರ ದೊಡ್ಡ ಹೆಸರು ಪ್ರಕಾಶ್ ಸೊಂಟಕ್ಕೆ. ಅವರಿರುವುದು ಬೆಂಗಳೂರಿನಲ್ಲಿ, ಸುಮಾರು 700 ಕಿ.ಮೀ. ಆಚೆ. ನಮಗೆ ವಿಧಾನಸೌಧವೂ ಅಷ್ಟೇ ದೂರ. ಆದ್ದರಿಂದ ಗುರುವಿಲ್ಲದ ಕೊರತೆಯನ್ನು ಪ್ರತ್ಯೇಕವಾಗಿ ಬರೆಯುವುದಿಲ್ಲ.

ಗುರು ಇಲ್ಲದಿದ್ದರೂ ತಂಬೂರಿ ಇದೆ. ನಮ್ಮ ಮನೆಯ ಮಗ್ಗುಲಲ್ಲೇ ಟಿಸಿ ಕಂಬ. ಕರೆಂಟಿರುವಷ್ಟು ಹೊತ್ತು ಅದು ಗುಂಯ್ ಅನ್ನುತ್ತದೆ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸಲ ತೂಗುತ್ತದೆ, ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಅದರ ಎರಡು ಪಟ್ಟು, ಅಂದರೆ 100 ಸಲ ಗುಂಯ್‌ಗುಡುತ್ತದೆ. ನನ್ನ ಗಿಟಾರಿನ ಐದನೇ ತಂತಿಯ ಷಡ್ಜ 98. ಎರಡು ಏರಿಸಿಕೊಂಡರೆ ಸರಕಾರಿ ಶ್ರುತಿ ಸಿದ್ಧ. ಒಂದು ರಾತ್ರಿ ಹೀಗೆ ಕೂಡಿಸಿ ಪಿನ್ನನ್ನು ಗಾಂಧಾರದಿಂದ ಮಧ್ಯಮಕ್ಕೆ ನಿಧಾನವಾಗಿ ಜಾರಿಸಿದೆ. ದಾರಿಯಲ್ಲಿ ಎಲ್ಲೋ ಒಂದು ಕಡೆ, ಯಾವ ಮೆಟ್ಟೂ ಇಲ್ಲದ ಜಾಗದಲ್ಲಿ, ಮೈ ಜುಂ ಎಂದಿತು. ಟೇಪು ಹಚ್ಚಿ ನೋಡೋಣವೆಂದು ಕೈ ಹೋಯಿತು, ಅಷ್ಟರಲ್ಲಿ ಕರೆಂಟು ಹೋಯಿತು. ಆ ಸರ್ವೆ ನಂಬರು ಮತ್ತೆ ಸಿಕ್ಕಿಲ್ಲ.

ಅದು ಸಿಕ್ಕವರು ಒಬ್ಬರಿದ್ದಾರೆ. ಸೋಮವಾರ ರಾತ್ರಿ ಗುಡಿಯಲ್ಲಿ ಭಜನೆ. ತತ್ವಪದ ಹಾಡುವ ಮುತ್ಯಾಗೆ ಎಂಬತ್ತು ದಾಟಿದೆ. ಧೈರ್ಯ ಮಾಡಿ ಒಂದು ಸೋಮವಾರ ಗಿಟಾರು ಹೊತ್ತುಕೊಂಡು ಹೋಗಿ ಪದದ ಒಂದು ಸಾಲು ನುಡಿಸಿ ತೋರಿಸಿದೆ. ಕಿವಿಗೆ ಕೈ ಹಚ್ಚಿ ಕೇಳಿದ ಮುತ್ಯಾ, “ಇದಕ್ಕೇನು ಹಲ್ಲಬ್ಯಾನಿ ಎದ್ದದೇನ್ ತಮ್ಮಾ?” ಎಂದ. ಆಮೇಲೆ ಅದೇ ಸಾಲು ತಾನು ಹಾಡಿದ. ಪೇಟಿ ಬಾರಿಸುವವನು ಗಾಂಧಾರದ ಪಟ್ಟಿ ಒತ್ತಿದ, ಮಧ್ಯಮದ ಪಟ್ಟಿ ಒತ್ತಿದ. ಮುತ್ಯಾನ ದನಿ ಅವೆರಡರ ನಡುವೆ ಕುಂತು, ಎದ್ದು, ಅಡಿಕೆಲೆ ಹಾಕಿಕೊಂಡು ಬಂದ ಹಾಗೆ ಬಂತು. ನನಗೆ ಬೇಕಾದ ಜಾಗದಲ್ಲಿ ಒಂದು ಕ್ಷಣ ನಿಂತೂ ನಿಂತಿತು. ಪೇಟಿಯಲ್ಲಿ ಆ ಜಾಗಕ್ಕೆ ಪಟ್ಟಿಯೇ ಇಲ್ಲ. 1940ರಿಂದ 1971ರವರೆಗೆ ಆಕಾಶವಾಣಿ ಪೇಟಿಯನ್ನು ಹೊರಗಿಟ್ಟಿದ್ದಕ್ಕೆ ಇದೂ ಒಂದು ಕಾರಣ. ಹಿಂದುಸ್ತಾನಿಯವರು ಇದನ್ನು ಮೀಂಡ್ ಅನ್ನುತ್ತಾರೆ. ಕರ್ನಾಟಕ ಸಂಗೀತದವರು ಮುಚ್ಚುಮರೆ ಇಲ್ಲದೆ ಜಾರು ಎಂದೇ ಹೆಸರಿಟ್ಟಿದ್ದಾರೆ. ಮುತ್ಯಾ ಏನೂ ಅನ್ನುವುದಿಲ್ಲ. ಕೇಳಿದರೆ, “ಹಂಗೇ ಬರ್ತದ” ಅನ್ನುತ್ತಾನೆ.

ಈ ‘ಹಂಗೇ ಬರ್ತದ’ ನನ್ನ ನಿದ್ದೆ ಕೆಡಿಸಿದೆ. ಯಾಕೆಂದರೆ ನಮ್ಮ ಮಂದಿಗೆ ಇದು ನಿಜಕ್ಕೂ ಹಂಗೇ ಬರುತ್ತದೆ. 1956ರ ನವೆಂಬರ್ 1ಕ್ಕೆ ಹಳೆಯ ಬೀದರ ಜಿಲ್ಲೆಯನ್ನು ಕತ್ತರಿಸಿದರು. ಉದಗೀರ, ನಿಲಂಗಾ, ಅಹಮದಪುರ ಒಂದು ಕಡೆ ಹೋದವು, ನಾರಾಯಣಖೇಡ, ಜಹೀರಾಬಾದ ಇನ್ನೊಂದು ಕಡೆ, ನಾವು ಇಲ್ಲಿ ಉಳಿದೆವು. ನಕ್ಷೆಯಲ್ಲಿ ಗೆರೆ ಚೊಕ್ಕಟವಾಗಿದೆ. ಔರಾದದಿಂದ ಉದಗೀರಕ್ಕೆ ಹೋಗುವ ಬಸ್ಸಿನ ಕಂಡಕ್ಟರು ಮಾತ್ರ “ಆಗೇ ಚಲೋ, ಪುಢೆ ಸರಕಾ, ಮುಂದ ನಡೀರಿ” ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಒಂದು ಮಾತಿನಿಂದ ಇನ್ನೊಂದಕ್ಕೆ ಹೋಗುವಾಗ ಕಟಕಟ ಎನ್ನುವ ಸದ್ದು ಬರುವುದಿಲ್ಲ. ಆತ ಯಾವ ಮೆಟ್ಟಿಗೂ ತಾಗುವುದಿಲ್ಲ. ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಈ ಭಾಗದಲ್ಲಿ ಕೇಳದವರಿಲ್ಲ. ಹೊಸ್ತಿಲು ದಾಟುವಷ್ಟರಲ್ಲಿ ಭಾಷೆ ಬದಲಾಗುತ್ತಿತ್ತು.

ಇಂಥ ಊರಲ್ಲಿ ಹುಟ್ಟಿಯೂ ಜಾರಲು ಬಾರದವನು ನಾನೊಬ್ಬನೇ. ನನ್ನ ಕೆಲಸವೇ ಹಾಗಿತ್ತು: ಇದು ಇಲ್ಲಿಗೆ ಮುಗಿಯಿತು, ಅದು ಅಲ್ಲಿಂದ ಶುರು ಎಂದು ಸಹಿ ಹಾಕುವುದು. ನಿವೃತ್ತನಾದ ಮೇಲೆ ಒಂದು ಗುಟ್ಟು ಹೇಳಿದರೆ ಅಡ್ಡಿಯಿಲ್ಲ. ನಮ್ಮದು ಎರೆ ನೆಲ. ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿಕೊಳ್ಳುತ್ತದೆ. ನೆಟ್ಟ ಬಾಂದುಕಲ್ಲು ನಾಲ್ಕು ವರ್ಷದಲ್ಲಿ ವಾಲುತ್ತದೆ, ಕುಸಿಯುತ್ತದೆ, ಯಾರೂ ಮುಟ್ಟದಿದ್ದರೂ ಜರುಗುತ್ತದೆ. ನಾವು ಹೋಗಿ ನೆಟ್ಟಗೆ ಮಾಡಿ, ಮೊದಲಿನ ಜಾಗದಲ್ಲೇ ಇದೆ ಎಂದು ಬರೆದು ಬರುತ್ತಿದ್ದೆವು. ಮೂವತ್ತೆಂಟು ವರ್ಷ ಹಾಗೆ ಬರೆದ ಕೈಗೆ ಈಗ ಪಿಸ್ಟನ್ ಪಿನ್ನು ಕೊಟ್ಟು, ಕಲ್ಲು ನೋಡಬೇಡ, ಕಿವಿಗೊಡು ಎನ್ನುತ್ತೀರಿ. ಇದು ಸೇವಾ ನಿಯಮಗಳಿಗೆ ವಿರುದ್ಧ.

1977ರಲ್ಲಿ ಬಾಹ್ಯಾಕಾಶಕ್ಕೆ ಹೋದ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ, ಕುರುಡ ವಿಲ್ಲಿ ಜಾನ್ಸನ್ 1927ರಲ್ಲಿ ಮಾತಿಲ್ಲದೆ ಗುನುಗುತ್ತ ನುಡಿಸಿದ ಜಾರು ಗಿಟಾರೂ ಇದೆ, ಕೇಸರಬಾಯಿ ಕೇರಕರರ ಭೈರವಿಯೂ ಇದೆ. ಸೂರ್ಯನ ಹದ್ದು ದಾಟಿ ಹೋದರೂ ಅವರಿಬ್ಬರೂ ಒಂದೇ ತಟ್ಟೆಯಲ್ಲಿದ್ದಾರೆ. ಅಲ್ಲಿ ಸರ್ವೆ ಮಾಡಲು ಯಾರೂ ಹೋಗಿಲ್ಲ ಎಂಬುದು ಸಮಾಧಾನ.

ಆದಕಾರಣ ತಾವು ದಯಮಾಡಿ ತಮ್ಮ ಆದೇಶವನ್ನು ಹಿಂಪಡೆಯಬೇಕು. ಅದು ಸಾಧ್ಯವಿಲ್ಲದಿದ್ದರೆ, ಗಾಂಧಾರ ಮಧ್ಯಮಗಳ ನಡುವಿನ ಸದರಿ ಜಾಗವನ್ನು ಸ್ಥಳಕ್ಕೆ ಬಂದು ತೋರಿಸಿಕೊಡಬೇಕು. ಈ ಕೈ ಕುದುರಲು ತಮಗೇ ಏಳು ವರ್ಷ ಹಿಡಿಯಿತು ಎನ್ನುತ್ತಾರೆ. ನನ್ನದು ಹನ್ನೊಂದು ತಿಂಗಳು ಮುಗಿದಿದೆ. ಬಾಕಿ ಆರು ವರ್ಷ ಒಂದು ತಿಂಗಳು, ರಾತ್ರಿ 8ರಿಂದ 8.20ರವರೆಗೆ, ನಮ್ಮ ಓಣಿಯವರು ಸಹಕರಿಸಬೇಕೆಂದು ಈ ಮೂಲಕ ವಿನಂತಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಮಾಪಕ, ಔರಾದ (ಬಿ).

ಪ್ರತಿ: ಓಣಿಯವರ ಮಾಹಿತಿಗಾಗಿ ಟಿಸಿ ಕಂಬಕ್ಕೆ ಅಂಟಿಸಲಾಗಿದೆ.